ಅಡಿಗೆಮನೆಯ ಅಲಗು

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಸುತ್ತಿನ ಒಕ್ಕಲು ಮನೆಗಳಲ್ಲಿ ಕೊಯ್ಲು ಸಮೀಪಿಸಿತೆಂದರೆ ಕುಡುಗೋಲು ಕುಲುಮೆಗೆ ಹೋಗುವುದು ವಾಡಿಕೆ. ಕಬ್ಬು ಕಡಿಯುವ ಆಳು ಮಚ್ಚನ್ನು ಮಸೆಯದೆ ಗದ್ದೆಗೆ ಇಳಿಯನು. ಮದ್ದೂರಿನ ಹೆದ್ದಾರಿಯ ಪಕ್ಕದಲ್ಲಿ ಎಳನೀರು ಕೆತ್ತಿಕೊಡುವವನ ಕೈಚಳಕವನ್ನು ನೋಡಿದವರು, ಆ ಚಳಕದಲ್ಲಿ ಅರ್ಧದಷ್ಟು ಅವನ ಮಚ್ಚಿನ ಬಾಯಿಯದೆಂಬುದನ್ನು ಬಲ್ಲರು. ಹೊಲದ ಹತಾರಕ್ಕೂ ಅಂಗಡಿಯ ಹತಾರಕ್ಕೂ ಸಲ್ಲುವ ಈ ಮರ್ಯಾದೆ, ಅದೇ ಮನೆಯೊಳಗಿನ ಈಳಿಗೆಮಣೆಗೆ ಸಲ್ಲುತ್ತಿದೆಯೆ? ಕುಡುಗೋಲಿಗೆ ವರ್ಷದಲ್ಲಿ ಕೆಲವು ವಾರಗಳ ಕೆಲಸ. ಈಳಿಗೆಗೋ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 730 ಸಲದ ಕೆಲಸ. ಆದರೂ ಮದುವೆಯ ವರ್ಷ ಮನೆಗೆ ಬಂದ ಈಳಿಗೆಯನ್ನು, ಮಗಳ ಮದುವೆಯ ವರ್ಷದವರೆಗೆ ಒಮ್ಮೆಯಾದರೂ ಮಸೆಯಿಸದ ಮನೆಗಳು ಉಂಟು. ಇದು ಹತಾರದ ದೋಷವಲ್ಲ. ಅದರ ಮುಂದೆ ಕುಳಿತು ಕೆಲಸಮಾಡುವವರ ಶ್ರಮವನ್ನು ಮನೆಯವರು ಲೆಕ್ಕಕ್ಕೆ ಹಿಡಿಯದ ದೋಷ. ಈ ತಿಂಗಳು ನಾವು ಈ ಸಣ್ಣ ವಿಷಯವನ್ನೇ ವಾಚಕರ ಮುಂದೆ ಇಡುತ್ತೇವೆ.

ಮೊಂಡು ಅಲಗು ನಿರಪಾಯವಾದುದು, ಹರಿತವಾದುದು ಅಪಾಯಕರವೆಂಬ ಭ್ರಾಂತಿ ಬಹಳ ಮಂದಿಗೆ ಉಂಟು. ವಾಸ್ತವವಾಗಿ ಸಂಗತಿ ಇದಕ್ಕೆ ವಿರುದ್ಧ. ಬಾಯಿ ತೆಳ್ಳಗಿದ್ದಷ್ಟೂ ಕೈಯ ಬಲವೆಲ್ಲ ಕೂದಲೆಳೆಯಷ್ಟು ಜಾಗದ ಮೇಲೆ ಬೀಳುವುದು; ಕಾಯಿ ತಾನಾಗಿ ಸೀಳುವುದು. ಬಾಯಿ ದಪ್ಪವಾದಷ್ಟೂ ಬಲ ಹೆಚ್ಚು ಬೇಕು. ಬಲ ಹೆಚ್ಚಿದಾಗ ಅಲಗು ಬದನೆಯ ಸಿಪ್ಪೆಯ ಮೇಲೆ ಕಚ್ಚಿಕೊಳ್ಳದೆ ಜಾರಿ ಬೆರಳಿನ ಮೇಲೆ ಬರುವುದು. ಅದಲ್ಲದೆ ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುವುದು. ಈರುಳ್ಳಿ ಜಜ್ಜಿದಷ್ಟೂ ಅದರ ಘಾಟು ಹೆಚ್ಚಾಗಿ ಕಣ್ಣಿನಲ್ಲಿ ನೀರು ತರಿಸುವುದು. ಬಸ್ಸಾರಿನ ಸೊಪ್ಪು ಜಜ್ಜಿದರೆ ಅದರ ರಸವೆಲ್ಲ ಮಣೆಯ ಮೇಲೆ ಉಳಿಯುವುದು. ಮದ್ದೂರು ವಡೆಗೆ ಈರುಳ್ಳಿಯನ್ನು ಸಣ್ಣಗೆ, ನೀರೊಡೆಯದಂತೆ ಹೆಚ್ಚಬೇಕೆಂಬುದನ್ನು ಮಾಡಿ ನೋಡಿದವರಿಗೆ ಹೇಳಬೇಕಾದುದಿಲ್ಲ.

ಈಚಿನ ವರ್ಷಗಳಲ್ಲಿ ಈ ವಿಚಾರಕ್ಕೆ ಹೊಸದೊಂದು ಸಂಗತಿ ಸೇರಿದೆ. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಊರಿಗೆ ಬರುವಾಗ ಜಪಾನಿನ ಚಾಕುವನ್ನು ತಾಯಿಗೆ ಕಾಣಿಕೆಯಾಗಿ ತರುವುದುಂಟು. ಮೊದಲ ವಾರ ಮನೆಯವರೆಲ್ಲ ಅದರ ಹರಿತವನ್ನು ಕಂಡು ಬೆರಗಾಗುವರು. ಎರಡನೆಯ ತಿಂಗಳು ಯಾರೋ ಅದರಿಂದ ತೆಂಗಿನಕಾಯಿ ಒಡೆಯುವರು, ಬಾಯಿ ಮುಕ್ಕಾಗುವುದು. ಆರನೆಯ ತಿಂಗಳು ಅದು ಈಳಿಗೆಗಿಂತ ಮೊಂಡಾಗಿ ಅಟ್ಟಕ್ಕೆ ಸೇರುವುದು. ಸಾವಿರಾರು ರೂಪಾಯಿ ಕೊಟ್ಟು ಚಾಕು ತಂದವರು, ಅದಕ್ಕೆ ಬೇಕಾದ ಕಲ್ಲನ್ನು ತರಲಿಲ್ಲ. ಕಲ್ಲಿಲ್ಲದ ಚಾಕು ಎಣ್ಣೆಯಿಲ್ಲದ ದೀಪದಂತೆ.

ಜಪಾನಿನ ಚಾಕುವಿನ ಗುಣವೇನೆಂಬುದನ್ನು ತಿಳಿಯಬೇಕಾದರೆ ಅದರ ಪೂರ್ವಕಥೆಯನ್ನು ಸ್ವಲ್ಪ ತಿಳಿಯಬೇಕು. ಆ ದೇಶದಲ್ಲಿ ಸೆಕಿ ಮೊದಲಾದ ಊರುಗಳು ಶತಮಾನಗಳಿಂದ ಖಡ್ಗಗಳಿಗೆ ಹೆಸರಾಗಿದ್ದುವು. ಒಸಾಕಾ ನಗರದ ಮಗ್ಗುಲಿನ ಸಕಾಯಿ ಎಂಬ ಊರು ಹೊಗೆಸೊಪ್ಪು ಹೆಚ್ಚುವ ಕತ್ತಿಗಳಿಗೆ ಹೆಸರಾಗಿದ್ದಿತು. 1876ರಲ್ಲಿ ಅಲ್ಲಿನ ಸರಕಾರವು ಸೇನೆ, ಪೊಲೀಸು ಮೊದಲಾದವರ ಹೊರತು ಇತರರು ಹೊರಗೆ ಖಡ್ಗ ಧರಿಸುವುದನ್ನು ನಿಷೇಧಿಸಿತು. ಖಡ್ಗಕ್ಕೆ ಗಿರಾಕಿ ಇಲ್ಲವಾಗಲು, ಕಮ್ಮಾರರಲ್ಲಿ ಅನೇಕರು ಕುಡುಗೋಲಿಗೂ ಅಡಿಗೆಯ ಚಾಕುವಿಗೂ ತಮ್ಮ ಕೈಕಸಬನ್ನು ತಿರುಗಿಸಿದರು. ಗಡಸು ಉಕ್ಕನ್ನು ನಡುವೆ ಇಟ್ಟು, ಎರಡು ಮಗ್ಗುಲಿಗೂ ಮೆದು ಕಬ್ಬಿಣವನ್ನು ಬೆಸೆದು, ನಡುವಿನ ಉಕ್ಕು ಮಾತ್ರ ಬಾಯಿಯಾಗುವಂತೆ ಮಾಡುವುದು ಅವರ ಪದ್ಧತಿಗಳಲ್ಲೊಂದು. ನಮ್ಮ ಕಮ್ಮಾರನೂ ಕಬ್ಬಿಣದ ಕೊಡಲಿಗೆ ಉಕ್ಕಿನ ಬಾಯಿ ಬೆಸೆಯುತ್ತಿದ್ದುದನ್ನು ಹಿರಿಯರು ಬಲ್ಲರು, ತತ್ತ್ವ ಒಂದೇ.

ಉಕ್ಕಿನ ವಿದ್ಯೆ ನಮ್ಮ ಸೀಮೆಗೆ ಪರಕೀಯವೆಂದು ಯಾರೂ ತಿಳಿಯಬಾರದು. ಮದ್ದೂರಿನಿಂದ ಬೆಂಗಳೂರಿನ ದಾರಿ ಹಿಡಿದರೆ ಸಿಕ್ಕುವ ಚನ್ನಪಟ್ಟಣಕ್ಕೆ 1800ರಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ, ವೀಣೆ ಮೊದಲಾದ ವಾದ್ಯಗಳಿಗೆ ಅಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ ಹಿಂದೂಸ್ಥಾನದ ದೂರದ ಭಾಗಗಳಿಗೆ ಹೋಗುತ್ತಿದ್ದಿತೆಂದು ಬರೆದಿದ್ದಾನೆ. ಮೈಸೂರು ಸೀಮೆಯಲ್ಲಿ ಮೆದು ಕಬ್ಬಿಣವನ್ನು ತಂಗಡಿ ಗಿಡದ ಕಾಂಡದೊಡನೆಯೂ ಹಸಿ ಎಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಸುತ್ತಿದ್ದರು. ಕಾಂಡದ ಇಂಗಾಲ ಕಬ್ಬಿಣಕ್ಕೆ ಸೇರಿ, ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲವುಳ್ಳ ಗಡಸು ಉಕ್ಕು ಆಗುತ್ತಿದ್ದಿತು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಂತಹ ಉಕ್ಕನ್ನು ‘ವೂಟ್ಜ್’ ಎಂಬ ಹೆಸರಿನಿಂದ ವರ್ಣಿಸಿದನು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದುದೆಂಬುದು ವಿದ್ವಾಂಸರಲ್ಲಿ ಬಹುಜನರ ಅಭಿಪ್ರಾಯ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕುಗಾರನು, ಯೂರೋಪಿನ ಉತ್ತಮ ಉಕ್ಕಿಗಿಂತಲೂ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚುಹಾಕಿಸಿದ್ದನು. 1820ರ ಸುಮಾರಿಗೆ ಮೈಕಲ್ ಫ್ಯಾರಡೆಯು ಈತನೊಡನೆ ಕೂಡಿ ಉಕ್ಕಿನ ಮೇಲೆ ಪ್ರಯೋಗಗಳನ್ನು ನಡೆಸಿದನು. ಆ ಕುಲುಮೆಗಳು ಆರಿಹೋಗಿವೆ. ಆದರೆ ಒಳ್ಳೆಯ ಬಾಯಿಗೆ ಬೇಕಾದುದು ಇಂಗಾಲ, ಕಾವು, ಹದ ಎಂಬ ಪಾಠ ಎರಡು ದೇಶಗಳಿಗೂ ಒಂದೇ.

ಈಗ ನಮ್ಮ ಅಡಿಗೆಮನೆಯ ಮೂರು ಅಲಗುಗಳನ್ನು ಹೋಲಿಸಿ ನೋಡೋಣ. ಊರ ಕಮ್ಮಾರನು ಈಳಿಗೆಯನ್ನೂ ಮಚ್ಚನ್ನೂ ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟುವನು. ಅದರಲ್ಲಿ ಇಂಗಾಲ ನೂರಕ್ಕೆ ಸುಮಾರು ಅರ್ಧ ಪಾಲು. ಪೆಟ್ಟು ತಾಳುವುದು, ಬೇಗ ಮೊಂಡಾಗುವುದು, ಬೇಗ ಹರಿತವೂ ಆಗುವುದು. ಸಂತೆಯ ತುಕ್ಕುಹಿಡಿಯದ ಚಾಕು ಇನ್ನೊಂದು ಬಗೆ. ಉಕ್ಕಿನ ಗಡಸನ್ನು ಅಳೆಯುವ ರಾಕ್‌ವೆಲ್ ಎಂಬ ಮಾನದಲ್ಲಿ ಅದು ಸಾಮಾನ್ಯವಾಗಿ 52ರಿಂದ 56ರವರೆಗೆ ನಿಲ್ಲುವುದು. ಜಪಾನಿನ ಒಳ್ಳೆಯ ಚಾಕು 60ರಿಂದ 64ರವರೆಗೆ ಏರುವುದು. ಗಡಸಾದುದರಿಂದಲೇ ಅದರ ಬಾಯಿಯನ್ನು ಬಹಳ ತೆಳ್ಳಗೆ ಮಸೆಯಬಹುದು. ಆ ಹರಿತ ಬಹಳ ದಿನ ನಿಲ್ಲುವುದು. ಗಡಸಾದುದರಿಂದಲೇ ಅದು ಬಾಗದೆ ಮುರಿಯುವುದು. ಗಾಜಿಗೂ ತಾಮ್ರಕ್ಕೂ ಇರುವ ಭೇದವನ್ನು ನೆನೆದರೆ ಇದು ತಿಳಿಯುವುದು. ಆದಕಾರಣ ತೆಂಗಿನಕಾಯಿ, ಕೋಳಿಯ ಮೂಳೆ, ಬಲಿತ ಕುಂಬಳದ ತೊಗಟೆ, ಮಂಡ್ಯದ ಅಚ್ಚುಬೆಲ್ಲ, ಇವು ಯಾವುವನ್ನೂ ಈ ಚಾಕುವಿಗೆ ಒಡ್ಡಬಾರದು. ಅವು ಮಚ್ಚಿನ ಕೆಲಸ. ಸೊಪ್ಪಿನ ಕಟ್ಟು, ಬಾಳೆದಿಂಡು, ಹಲಸಿನಕಾಯಿ, ಇವು ಇಂದಿಗೂ ಈಳಿಗೆಗೆ ಒಪ್ಪುವ ಕೆಲಸಗಳು; ಎರಡು ಕೈಯೂ ಕಾಯಿಯನ್ನು ಹಿಡಿಯಲು ಬಿಡುವಾಗಿರುವ ಅನುಕೂಲ ಯಾವ ಚಾಕುವಿಗೂ ಇಲ್ಲ. ಹೊಸದು ಬಂದಿತೆಂದು ಈಳಿಗೆಯನ್ನು ಹೊರಗೆ ಹಾಕಬೇಕಾದುದಿಲ್ಲ.

ಕೊಳ್ಳುವವರು ನಾಲ್ಕು ಅಂಶಗಳನ್ನು ನೋಡತಕ್ಕದ್ದು. ಮೊದಲನೆಯದು ಆಕಾರ. ತರಕಾರಿಯನ್ನೇ ಹೆಚ್ಚುವ ಮನೆಗೆ ‘ನಾಕಿರಿ’ ಎಂಬ ನೇರ ಬಾಯಿಯ ಅಗಲ ಚಾಕು ಒಪ್ಪುವುದು. ಮಾಂಸ, ಮೀನು, ತರಕಾರಿ ಮೂರಕ್ಕೂ ಒಂದೇ ಸಾಕೆನ್ನುವವರಿಗೆ ‘ಸಾಂತೋಕು’. ಎರಡರಲ್ಲಿಯೂ 165ರಿಂದ 180 ಮಿಲಿಮೀಟರು ಉದ್ದದ ಅಲಗು ಮನೆಯ ಕೆಲಸಕ್ಕೆ ಸಾಕು. ‘ದೇಬಾ’, ‘ಯಾನಾಗಿಬಾ’ ಎಂಬುವು ಮೀನಿನ ಕೆಲಸಕ್ಕಾಗಿ ಮಾಡಿದುವು. ಅವನ್ನು ಒಂದೇ ಮಗ್ಗುಲಿಗೆ ಮಸೆದಿರುವುದರಿಂದ ತರಕಾರಿ ಹೆಚ್ಚುವಾಗ ಓರೆಗೆ ಎಳೆಯುವುವು. ಎಡಗೈಯವರಿಗಂತೂ ಬೇರೆಯಾಗಿಯೇ ಮಾಡಿಸಬೇಕು. ನಮ್ಮ ಮನೆಗಳಿಗೆ ಎರಡು ಮಗ್ಗುಲಿಗೂ ಮಸೆದ ಚಾಕುವೇ ತಕ್ಕುದು.

ಎರಡನೆಯದು ಉಕ್ಕು. ಯಾಸುಗಿ ಎಂಬ ಊರಿನಲ್ಲಿ ತಯಾರಾಗುವ ಉಕ್ಕುಗಳಿಗೆ ‘ಬಿಳಿಯ ಕಾಗದ’, ‘ನೀಲಿ ಕಾಗದ’ ಎಂಬ ಹೆಸರುಂಟು. ಹಿಂದೆ ಅವನ್ನು ಸುತ್ತಿಡುತ್ತಿದ್ದ ಕಾಗದದ ಬಣ್ಣದಿಂದ ಬಂದ ಹೆಸರು. ಇವುಗಳಲ್ಲಿ ಇಂಗಾಲ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನವರೆಗೆ ಇರುವುದು. ಬಹಳ ಹರಿತವಾಗುವುವು, ಆದರೆ ಒದ್ದೆಯಿಟ್ಟರೆ ತುಕ್ಕು ಹಿಡಿಯುವುವು. ನಮ್ಮದು ಹುಣಿಸೆ, ನಿಂಬೆ, ಮಾವುಗಳ ಅಡಿಗೆ. ಕೊಯ್ದೊಡನೆ ತೊಳೆದು ಒರಸುವ ಅಭ್ಯಾಸವಿಲ್ಲದ ಮನೆಯವರು ತುಕ್ಕುಹಿಡಿಯದ ಬಗೆಯನ್ನೇ ಕೊಳ್ಳುವುದು ಮೇಲು. ಮೂರನೆಯದು ಹಿಡಿ. ಒದ್ದೆ ಕೈಯಲ್ಲಿ ಜಾರದಿರಬೇಕು. ಕೆಲಸಮಾಡುವವರು ತಾವೇ ಕೈಯಲ್ಲಿ ಹಿಡಿದು ನೋಡಿ ಆರಿಸಬೇಕು, ಬೇರೆಯವರು ಆರಿಸಿದರೆ ಸಾಲದು. ನಾಲ್ಕನೆಯದು ಸೊಗಸಿಗೆ ಮರುಳಾಗದಿರುವುದು. ‘ಡಮಾಸ್ಕಸ್’ ಎಂದು ಹೆಚ್ಚು ಬೆಲೆಗೆ ಮಾರುವ, ನೀರಿನ ಅಲೆಯಂತೆ ಗೆರೆಗೆರೆಯಾಗಿ ಹೊಳೆಯುವ ಅಲಗುಗಳು ಈಗ ಬಹಳವಾಗಿವೆ. ಹಿಂದಿನ ಡಮಾಸ್ಕಸ್ ಖಡ್ಗಗಳ ಗೆರೆ ದಕ್ಷಿಣ ಹಿಂದೂಸ್ಥಾನದ ಮೂಸೆಯ ಉಕ್ಕಿನ ಒಡಲಿನಿಂದಲೇ ಮೂಡುತ್ತಿದ್ದಿತು. ಇಂದಿನವು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಹೊದಿಸಿದುವು. ಕೆಲವು ಬರಿಯ ಮೇಲ್ಗೆರೆಗಳು. ಕೊಯ್ಯುವುದು ಬಾಯಿಯ ಉಕ್ಕೇ ಹೊರತು ಮಗ್ಗುಲಿನ ಚಿತ್ತಾರವಲ್ಲ. ಆ ಚಿತ್ತಾರಕ್ಕೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಒಳ್ಳೆಯ ಮಸೆಗಲ್ಲು ಬರುವುದು.

ಮಸೆಗಲ್ಲುಗಳಿಗೆ ಅವುಗಳ ಕಾಳಿನ ನುಣುಪನ್ನು ತೋರಿಸುವ ಅಂಕೆ ಇರುವುದು. ಅಂಕೆ ಹೆಚ್ಚಾದಷ್ಟೂ ಕಲ್ಲು ನುಣುಪು. ಮನೆಗೆ 1000 ಅಂಕೆಯ ಕಲ್ಲು ಮುಖ್ಯ. ಬಾಯಿ ಮುಕ್ಕಾಗಿದ್ದರೆ 400, ಕೊನೆಯ ನಯಕ್ಕೆ 3000, ಇವೆರಡೂ ಅನುಕೂಲವಿದ್ದವರಿಗೆ. ಎಷ್ಟೋ ಬಗೆಯ ಕಲ್ಲುಗಳನ್ನು ಉಪಯೋಗಕ್ಕೆ ಮೊದಲು 10-15 ನಿಮಿಷ ನೀರಿನಲ್ಲಿ ನೆನೆಯಿಡಬೇಕು. ಗುಳ್ಳೆ ಏಳುವುದು ನಿಂತರೆ ನೆನೆದುದೆಂದು ತಿಳಿಯತಕ್ಕದ್ದು. ಕೆಲವಕ್ಕೆ ಮೇಲೆ ನೀರು ಚಿಮುಕಿಸಿದರೆ ಸಾಕು. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿರಿ.

ಮಸೆಯುವ ಕ್ರಮ ಹೀಗೆ. ಕಲ್ಲಿನ ಕೆಳಗೆ ಒದ್ದೆಬಟ್ಟೆ ಹಾಸಿ, ಕಲ್ಲು ಅಲುಗದಂತೆ ನಮ್ಮ ಮುಂದೆ ಉದ್ದಕ್ಕೆ ಇಡಬೇಕು. ಚಾಕುವಿನ ಬಾಯಿ ನಮ್ಮ ಕಡೆಗಿರುವಂತೆ ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಸ್ವಲ್ಪ ಎತ್ತಬೇಕು. ಜಪಾನಿನ ಚಾಕುವಿಗೆ ಸುಮಾರು 15 ಡಿಗ್ರಿಯ ಓರೆ ಸಾಕು. ಇದನ್ನು ಅಳೆಯಲು ಸಲಕರಣೆ ಬೇಡ. ಅಲಗಿನ ಅಗಲ 45 ಮಿಲಿಮೀಟರಿದ್ದರೆ ಬೆನ್ನು ಕಲ್ಲಿನಿಂದ 12 ಮಿಲಿಮೀಟರಿನಷ್ಟು ಮೇಲಿರಬೇಕು. ಎಂದರೆ ಕಿರುಬೆರಳಿನ ತುದಿ ನುಸುಳುವಷ್ಟು. ಸಂತೆಯ ಚಾಕುವಿಗೆ 20 ಡಿಗ್ರಿ. ಅದೇ ಅಗಲಕ್ಕೆ 15 ಮಿಲಿಮೀಟರು ಎತ್ತರ. ಎಡಗೈಯ ಎರಡು ಬೆರಳನ್ನು ಅಲಗಿನ ಮೇಲೆ ಬಾಯಿಯ ಹತ್ತಿರ ಇಟ್ಟು, ಮುಂದಕ್ಕೆ ತಳ್ಳುವಾಗ ಮೆಲ್ಲನೆ ಒತ್ತಿ, ಹಿಂದಕ್ಕೆ ಎಳೆಯುವಾಗ ಹಗುರವಾಗಿ ಬಿಡಬೇಕು. ತುದಿ, ನಡು, ಬುಡ ಎಂದು ಅಲಗನ್ನು ಮೂರು ಭಾಗಮಾಡಿಕೊಂಡು, ಒಂದೊಂದಕ್ಕೆ ಹತ್ತು ಹದಿನೈದು ಸಲ ಮಸೆಯತಕ್ಕದ್ದು. ಓರೆ ಒಂದೇ ಸಮನಾಗಿರುವುದೇ ಇಲ್ಲಿ ವಿದ್ಯೆಯೆಲ್ಲ. ಬಲದಿಂದಲೂ ವೇಗದಿಂದಲೂ ಪ್ರಯೋಜನವಿಲ್ಲ. ಕಲ್ಲಿನ ಮೇಲೆ ಮೂಡುವ ಕೆಸರನ್ನು ತೊಳೆಯಬಾರದು; ಮಸೆಯುವ ಕೆಲಸಕ್ಕೆ ಅದು ಒದಗುವುದು.

ಎಷ್ಟು ಮಸೆದರೆ ಸಾಕೆಂಬ ಪ್ರಶ್ನೆಗೆ ಅಲಗೇ ಉತ್ತರ ಕೊಡುವುದು. ಒಂದು ಮಗ್ಗುಲನ್ನು ಸರಿಯಾಗಿ ಮಸೆದಾಗ, ಬಾಯಿಯ ಇನ್ನೊಂದು ಮಗ್ಗುಲಿಗೆ ಕೂದಲಿಗಿಂತಲೂ ಸಣ್ಣದಾದ ಉಕ್ಕಿನ ಸಿಬಿರು ಮಡಿಚಿಕೊಂಡು ನಿಲ್ಲುವುದು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಮೆಲ್ಲನೆ ಜಾರಿಸಿದರೆ ಅದು ತೊಡರುವುದು. ಬಾಯಿಯ ಉದ್ದಕ್ಕೆ ಎಂದಿಗೂ ಬೆರಳಾಡಿಸಬಾರದು. ತುದಿಯಿಂದ ಬುಡದವರೆಗೆ ಸಿಬಿರು ಸಿಕ್ಕಿದ ಮೇಲೆಯೇ ಚಾಕುವನ್ನು ತಿರುಗಿಸಿ, ಇನ್ನೊಂದು ಮಗ್ಗುಲನ್ನು ಅದೇ ಓರೆಯಲ್ಲಿ ಮಸೆಯಬೇಕು. ಈಗ ಬಾಯಿ ಆಚೆಯ ಕಡೆಗಿರುವುದರಿಂದ ನಮ್ಮ ಕಡೆಗೆ ಎಳೆಯುವಾಗ ಒತ್ತಬೇಕು. ಕೊನೆಗೆ ಮಗ್ಗುಲು ಬದಲಿಸುತ್ತ ಬಹಳ ಹಗುರವಾಗಿ ನಾಲ್ಕಾರು ಸಲ ಎಳೆದರೆ ಸಿಬಿರು ಉದುರುವುದು. ಹಲಗೆಯ ಮೇಲೆ ಹಳೆಯ ವರ್ತಮಾನಪತ್ರಿಕೆಯನ್ನು ಹಾಸಿ, ಬಾಯಿ ಹಿಂದಾಗುವಂತೆ ಹತ್ತು ಸಲ ಒರಸಿದರೆ ಕೆಲಸ ಮುಗಿಯಿತು. ಪರೀಕ್ಷೆಗೆ ಮಾಗಿದ ಟೊಮೇಟೊ ಸಾಕು. ಒತ್ತದೆ ಎಳೆದೊಡನೆ ಸಿಪ್ಪೆ ಸೀಳಿದರೆ ಚಾಕು ಸಿದ್ಧ. ಹಣ್ಣು ಒಳಕ್ಕೆ ತಗ್ಗಿದರೆ ಇನ್ನೂ ಕೆಲಸವಿದೆ. ಮೊದಲನೆಯ ಸಲ ಅರ್ಧ ಗಂಟೆ ಹಿಡಿಯಬಹುದು. ಕೈ ಪಳಗಿದ ಮೇಲೆ ಹತ್ತು ನಿಮಿಷದ ಕೆಲಸ. ಎರಡು ಹೊತ್ತು ಅಡಿಗೆಮಾಡುವ ಮನೆಯಲ್ಲಿ ತಿಂಗಳು ಎರಡು ತಿಂಗಳಿಗೆ ಒಮ್ಮೆ ಮಸೆದರೆ ಸಾಕು. ಮಸೆದು ಮಸೆದು ಕಲ್ಲಿನ ನಡು ತಗ್ಗಾದರೆ, ಗಾಜಿನ ಹಲಗೆಯ ಮೇಲೆ ನೀರುಕಾಗದದ ಉಪ್ಪುಕಾಗದವನ್ನು ಹಾಸಿ ಕಲ್ಲನ್ನು ಉಜ್ಜಿ ಸಮಮಾಡಿಕೊಳ್ಳಬೇಕು.

ಈಳಿಗೆಯ ಮಾತು ಬೇರೆ. ಅದರ ಅಲಗು ಮಣೆಗೆ ನಾಟಿರುವುದರಿಂದ ಅಲಗನ್ನು ಕಲ್ಲಿಗೆ ಒಯ್ಯುವಂತಿಲ್ಲ. ಕಲ್ಲನ್ನೇ ಅಲಗಿಗೆ ಒಯ್ಯಬೇಕು. ಮಣೆಯನ್ನು ಕಾಲಿನಿಂದ ಭದ್ರವಾಗಿ ಒತ್ತಿಕೊಂಡು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮಸೆಗಲ್ಲನ್ನು ಒದ್ದೆಮಾಡಿ, ಬಾಯಿಯಿಂದ ಬೆನ್ನಿನ ಕಡೆಗೆ ಸರಿಯುವಂತೆ ಬುಡದಿಂದ ತುದಿಯವರೆಗೆ ಎಳೆಯಬೇಕು. ಬೆರಳು ಯಾವಾಗಲೂ ಬಾಯಿಯ ಹಿಂದೆಯೇ ಇರಬೇಕು. ಬಾಯಿ ಒಳಕ್ಕೆ ಬಾಗಿದ್ದರೆ ಅಗಲವಾದ ಕಲ್ಲು ನಡುವಿಗೆ ತಾಕದು. ಕಿರಿದಾದ ಕಲ್ಲೇ ಬೇಕು. ತುದಿಯಲ್ಲಿರುವ ಕಾಯಿ ತುರಿಯುವ ಹಲ್ಲುಗಳು ಸವೆದಿದ್ದರೆ ಮೂರು ಮೂಲೆಯ ಸಣ್ಣ ಅರದಿಂದ ಒಂದೊಂದು ಸಂದನ್ನೂ ಎರಡು ಮೂರು ಸಲ ಉಜ್ಜಿದರೆ ತುರಿ ಮೊದಲಿನಂತೆ ಬೀಳುವುದು. ಕಲ್ಲೇ ಇಲ್ಲದ ದಿನ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿದರೆ ಕಾಣುವ ಒರಟು ಉಂಗುರದ ಮೇಲೆ ಸಂತೆಯ ಚಾಕುವನ್ನು ಹತ್ತು ಸಲ ಉಜ್ಜಿದರೂ ಆ ಹೊತ್ತಿನ ಕೆಲಸ ಸಾಗುವುದು.

ಬೀದಿಯಲ್ಲಿ ಬರುವ ಸಾಣೆಯವನಿಗೆ ಈಳಿಗೆಯನ್ನೂ ಮಚ್ಚನ್ನೂ ಕೊಡುವುದರಲ್ಲಿ ತಪ್ಪಿಲ್ಲ. ನಡುನಡುವೆ ನೀರು ತಾಕಿಸುತ್ತ ಸಾಣೆ ಹಿಡಿಯುವಂತೆ ಕೇಳಿಕೊಳ್ಳಬೇಕು. ಕಿಡಿ ಹಾರುವ ಒಣ ಚಕ್ರದಲ್ಲಿ ಬಾಯಿ ಕ್ಷಣಮಾತ್ರದಲ್ಲಿ ಕಾಯುವುದು. ಉಕ್ಕು ನೀಲಿಬಣ್ಣಕ್ಕೆ ತಿರುಗಿತೆಂದರೆ 300 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕಾದು ಅದರ ಹದ ಇಳಿಯಿತೆಂದು ತಿಳಿಯಬೇಕು. ಜಪಾನಿನ ಚಾಕುವನ್ನಂತೂ ಒಣ ಚಕ್ರಕ್ಕೆ ಕೊಡಲೇ ಬಾರದು.

ಮಸೆದ ಬಾಯಿಯನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಈಗಿನ ಮನೆಗಳ ಅಡಿಗೆಕಟ್ಟೆಗೆ ಕರಿಯ ಕಲ್ಲು ಹಾಸಿರುವರು. ಅದರ ಮೇಲೆಯೇ ಹೆಚ್ಚಿದರೆ ಒಂದು ವಾರದ ಹರಿತ ಒಂದು ಹೊತ್ತಿನಲ್ಲಿ ಹೋಗುವುದು. ಸ್ಟೀಲಿನ ತಟ್ಟೆಯೂ ಹಾಗೆಯೇ. ಮರದ ಹಲಗೆಯೊಂದೇ ತಕ್ಕುದು. ಹೆಚ್ಚಿದ ತರಕಾರಿಯನ್ನು ಬಾಯಿಯಿಂದ ಗೋರದೆ ಬೆನ್ನಿನಿಂದ ಗೋರಬೇಕು. ಸೌಟು ಚಮಚಗಳೊಡನೆ ಬೆರೆಸಿಡಬಾರದು. ಬಾಳೆಹೂ ಬದನೆಗಳನ್ನು ಕೊಯ್ದಾಗ ಇಂಗಾಲದ ಉಕ್ಕಿನ ಮೇಲೆ ಕಪ್ಪು ಛಾಯೆ ಮೂಡುವುದು ಸಹಜ. ಅದನ್ನು ತಿಕ್ಕಿ ತೆಗೆಯಬೇಕಾದುದಿಲ್ಲ. ಕೆಂಪಗೆ ಪುಡಿಪುಡಿಯಾಗಿ ಬರುವುದು ಮಾತ್ರ ತುಕ್ಕು. ತೊಳೆದು, ಒರಸಿ, ಕೊಬ್ಬರಿ ಎಣ್ಣೆಯ ಒಂದು ತೊಟ್ಟನ್ನು ಸವರಿಟ್ಟರೆ ಅದು ಹತ್ತಿರ ಬಾರದು. ಮಕ್ಕಳ ಕೈಗೆಟುಕದ ಎಡೆಯಲ್ಲಿ ಇಡಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಕೊನೆಯದಾಗಿ ಒಂದು ಮಾತು. ಈ ಮಸೆಯುವ ಕೆಲಸ ಯಾರದು? ಹೆಚ್ಚುವವರೇ ಮಸೆಯಲಿ ಎಂದರೆ, ದಿನವೆಲ್ಲ ದುಡಿಯುವ ಕೈಗೆ ಇನ್ನೊಂದು ದುಡಿಮೆ ಸೇರಿದಂತಾಯಿತು. ಕುಡುಗೋಲನ್ನು ಕುಲುಮೆಗೆ ಒಯ್ಯುವ ಯಜಮಾನರೂ ಪ್ರಾಯದ ಗಂಡುಮಕ್ಕಳೂ ತಿಂಗಳಿಗೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಅವರ ಘನತೆಗೆ ಕುಂದಿಲ್ಲ. ಆ ಅಲಗಿನಿಂದ ಹೆಚ್ಚಿದುದನ್ನು ಉಣ್ಣುವವರು ಅವರೂ ಹೌದಷ್ಟೆ. ಮಹಾನವಮಿಯ ಆಯುಧಪೂಜೆಯಲ್ಲಿ ನೇಗಿಲು, ಮಚ್ಚು, ಮೋಟಾರುಗಾಡಿಗಳೊಡನೆ ಈಳಿಗೆಗೂ ಅರಿಸಿನ ಕುಂಕುಮ ಇಡುವ ಮನೆಗಳು ನಮ್ಮಲ್ಲಿ ಉಂಟು. ಪೂಜೆಯ ಹಿಂದಿನ ದಿನ ಅದನ್ನು ಮಸೆದು, ವರ್ಷದ ಉಳಿದ ಹನ್ನೊಂದು ತಿಂಗಳೂ ತಿಂಗಳಿಗೊಮ್ಮೆ ಕಲ್ಲು ತೋರಿಸಿದರೆ ಆ ಪೂಜೆ ಸಾರ್ಥಕ. ಜಪಾನಿನ ಚಾಕುವನ್ನು ಕಾಣಿಕೆ ತರುವ ಮಕ್ಕಳಿಗೆ ನಮ್ಮ ಸೂಚನೆ ಇಷ್ಟೇ: ಚಾಕುವಿನೊಡನೆ 1000 ಅಂಕೆಯ ಕಲ್ಲೊಂದನ್ನು ತನ್ನಿರಿ, ಮೊದಲನೆಯ ಸಲ ತಾಯಿಯ ಮುಂದೆ ಕುಳಿತು ನೀವೇ ಮಸೆದುಕೊಡಿರಿ. ಮಸೆದ ಮೇಲೆ, ಪಕ್ಕದಲ್ಲಿರುವ ಈಳಿಗೆಯನ್ನೂ ಮರೆಯಬೇಡಿರಿ.